ಸ್ಲೈಡರ್ ಮುಟ್ಟುವ ಮುಂಚೆ ಊಹೆ ಬರೆಯಿರಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಫಿಸಿಯೋಥೆರಪಿ ಓದುವವರು, ಕಲಿಸುವವರು, ಜೊತೆಗೆ ಒಬ್ಬ ಅಮ್ಮ, ಎಲ್ಲರೂ ಬಯೋಮೆಕ್ಯಾನಿಕ್ಸ್ ಕಲಿಯಲು ಮೊಬೈಲು, ಕಂಪ್ಯೂಟರಿನಲ್ಲಿ ಸಿಗುವ ಸಾಧನಗಳ ಬಗ್ಗೆ ಕೇಳಿದ್ದಾರೆ. ಹಾಗಾಗಿ ಬೆನ್ನುನೋವು, ಮಂಡಿನೋವಿನ ಪತ್ರಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಯೋಮೆಕ್ಯಾನಿಕ್ಸ್ ಅಂದರೆ ಬೇರೇನಲ್ಲ. ನಾವು ನಡೆಯುವಾಗ, ಕೂರುವಾಗ, ಭಾರ ಎತ್ತುವಾಗ ಮೂಳೆ, ಕೀಲು, ಸ್ನಾಯುಗಳ ಮೇಲೆ ಯಾವ ಬಲ ಎಲ್ಲಿ ಬೀಳುತ್ತದೆ ಅನ್ನುವ ಲೆಕ್ಕ. ಫಿಸಿಯೋ ಮಕ್ಕಳು ಹೆದರುವ ಪೇಪರ್‌ಗಳಲ್ಲಿ ಇದೂ ಒಂದು.

ಪ್ರಶ್ನೆ: ಮೇಡಂ, ನಾನು ಬಿಪಿಟಿ (ಫಿಸಿಯೋಥೆರಪಿ ಪದವಿ) ಎರಡನೇ ವರ್ಷ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಫಿಸಿಕ್ಸ್ ಹೇಗೋ ಪಾಸಾಯ್ತು. ಈಗ ಟಾರ್ಕ್, ಮೊಮೆಂಟ್ ಆರ್ಮ್ ಅಂದರೆ ಕಣ್ಣು ಕತ್ತಲೆ ಬರುತ್ತದೆ. ಸೂತ್ರ ಬಾಯಿಪಾಠ ಇದೆ, ಅರ್ಥ ಆಗಿಲ್ಲ. 3ಡಿ ಅನಿಮೇಶನ್ ನೋಡುವಾಗ ಎಲ್ಲ ಗೊತ್ತಾದ ಹಾಗೆ ಅನಿಸುತ್ತದೆ, ಪುಸ್ತಕ ತೆರೆದರೆ ಮತ್ತೆ ಖಾಲಿ. ಯಾವ ಆ್ಯಪ್ ಹಾಕಿಕೊಳ್ಳಲಿ? (ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಆ್ಯಪ್ ಆಮೇಲೆ. ಮೊದಲು ಮನೆಯಲ್ಲಿ ಅಡಕತ್ತರಿ ಇದೆಯಾ ನೋಡಿ. ನಿಮ್ಮ ಕಡೆಯವರ ಮನೆಯಲ್ಲಿ ಇಲ್ಲದೆ ಇರುತ್ತದಾ! ಗಟ್ಟಿ ಅಡಿಕೆಯನ್ನು ಒಂದು ಸಲ ಅಡಕತ್ತರಿಯ ತುದಿಯ ಹತ್ತಿರ ಇಟ್ಟು ಒತ್ತಿ, ಇನ್ನೊಂದು ಸಲ ಕೀಲಿನ ಹತ್ತಿರ ತಳ್ಳಿ ಒತ್ತಿ. ಎರಡನೇ ಸಲ ಸಲೀಸಾಗಿ ತುಂಡಾಗುತ್ತದೆ. ಅಜ್ಜಿಯಂದಿರು ಯಾವ ಸೂತ್ರವೂ ಇಲ್ಲದೆ ಇದನ್ನೇ ಮಾಡುತ್ತಿದ್ದರು. ಕೀಲಿನಿಂದ ಭಾರ ಎಷ್ಟು ದೂರ, ಕೈ ಎಷ್ಟು ದೂರ, ಈ ಎರಡು ದೂರಗಳ ಆಟವೇ ಮೊಮೆಂಟ್ ಆರ್ಮ್. ದೂರವನ್ನು ಬಲದಿಂದ ಗುಣಿಸಿದರೆ ಟಾರ್ಕ್, ಅಂದರೆ ತಿರುಗಿಸುವ ಸಾಮರ್ಥ್ಯ. ಕನ್ನಡದಲ್ಲಿ ಬಾಗಿಲಿಗೂ ಕೀಲು, ಮೊಣಕೈಗೂ ಕೀಲು ಅನ್ನುತ್ತೇವಲ್ಲ, ಆ ಒಂದು ಪದ ನಿಮಗೆ ಅರ್ಧ ಪಾಠ ಕಲಿಸಿಬಿಟ್ಟಿದೆ.

ಈಗ ನಿಮ್ಮ ಮೊಣಕೈಗೆ ಬನ್ನಿ. ಇಲ್ಲಿ ಅಡಕತ್ತರಿಯ ಲೆಕ್ಕ ತಿರುವುಮುರುವು. ಮೇಲ್ತೋಳಿನ ಮುಂಭಾಗದ ಸ್ನಾಯು ಬೈಸೆಪ್ಸ್ ಕೀಲಿಗೆ ತೀರಾ ಹತ್ತಿರ ಅಂಟಿಕೊಂಡಿದೆ, ಭಾರ ಇರುವುದು ದೂರದ ಅಂಗೈಯಲ್ಲಿ. ನೀವು 60 ಕೆಜಿ ಇದ್ದೀರಿ ಅಂದುಕೊಳ್ಳೋಣ. ಮೊಣಕೈಯನ್ನು 90 ಡಿಗ್ರಿಗೆ ಮಡಚಿ ಅಂಗೈಯಲ್ಲಿ 2 ಕೆಜಿ ಸಕ್ಕರೆ ಪೊಟ್ಟಣ ಹಿಡಿದಿದ್ದೀರಿ. ಅದು ಕೀಲಿನಿಂದ 35 ಸೆಂ.ಮೀ. ದೂರ. 2 ಗುಣಿಸು 35, ಅಂದರೆ 70. ಮುಂದೋಳು ಮತ್ತು ಹಸ್ತದ ತೂಕ ದೇಹದ ತೂಕದ ಸುಮಾರು ಶೇ. 2.2, ಅಂದರೆ 1.3 ಕೆಜಿ. ಆ ತೂಕದ ಕೇಂದ್ರ 15 ಸೆಂ.ಮೀ. ದೂರದಲ್ಲಿದೆ ಅಂತ ಹಿಡಿದರೆ ಇನ್ನೊಂದು 20. ಒಟ್ಟು 90. ಬೈಸೆಪ್ಸ್‌ಗೆ ಸಿಕ್ಕಿರುವ ದೂರ 5 ಸೆಂ.ಮೀ. ಮಾತ್ರ. 90 ಭಾಗಿಸು 5, ಅಂದರೆ 18. ಎತ್ತಿದ್ದು 2 ಕೆಜಿ, ಸ್ನಾಯು ಎಳೆದದ್ದು 18 ಕೆಜಿಯಷ್ಟು! ಪರೀಕ್ಷೆಯಲ್ಲಿ ಇದನ್ನು 9.8ರಿಂದ ಗುಣಿಸಿ ನ್ಯೂಟನ್‌ನಲ್ಲಿ ಬರೆಯಿರಿ. ಇಷ್ಟು ನಷ್ಟ ಮಾಡಿಕೊಂಡು ದೇಹಕ್ಕೆ ಏನು ಲಾಭ ಅಂತೀರಾ? ಸ್ನಾಯು ಒಂದಿಷ್ಟು ಕುಗ್ಗಿದರೆ ಸಾಕು, ಕೈ ಅಷ್ಟುದ್ದ ಬೀಸುತ್ತದೆ. ವೇಗ ಬೇಕಾದರೆ ಬಲ ತೆರಬೇಕು.

ಈಗ ಆ್ಯಪ್. ಎರಡು ಹೇಳುತ್ತೇನೆ, ಎರಡೂ ಪುಕ್ಕಟೆ. ಮೊದಲನೆಯದು ಫೆಟ್, ವಿಜ್ಞಾನದ ಸಿಮ್ಯುಲೇಶನ್ ಆಟಗಳ ತಾಣ. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಅದರಲ್ಲಿ 'ಬ್ಯಾಲೆನ್ಸಿಂಗ್ ಆ್ಯಕ್ಟ್' ಅಂತ ಒಂದು ಏತಪಾತದ ಆಟ ಇದೆ. ಇಟ್ಟಿಗೆ, ಮನುಷ್ಯರು, ತೂಕ ಗೊತ್ತಿಲ್ಲದ ವಸ್ತುಗಳನ್ನು ಹಲಗೆಯ ಮೇಲಿಟ್ಟು ಯಾವ ಕಡೆ ವಾಲುತ್ತದೆ ಅಂತ ನೋಡುವುದು. ಮಕ್ಕಳ ಆಟ ಅಂತ ಮೂಗು ಮುರಿಯಬೇಡಿ, ನಮ್ಮ ಎಷ್ಟೋ ಇಂಟರ್ನ್‌ಗಳು ಅದರಲ್ಲಿ ತಪ್ಪಿದ್ದಾರೆ. ಎರಡನೆಯದು ಜಿಯೋಜೀಬ್ರಾ, ಗಣಿತದ ಚಿತ್ರ ಬಿಡಿಸಿ ಎಳೆದಾಡುವ ಸಾಧನ. ಒಂದು ಚುಕ್ಕೆ ಮೊಣಕೈ, ಒಂದು ಗೆರೆ ಮೇಲ್ತೋಳು, ಇನ್ನೊಂದು ಮುಂದೋಳು, ಕೋನಕ್ಕೆ ಒಂದು ಸ್ಲೈಡರ್, ಅಂದರೆ ಎಳೆದು ಬದಲಿಸುವ ಗುಂಡಿ. ಮೇಲಿನ ಲೆಕ್ಕವನ್ನು ಅದರಲ್ಲಿ ಹಾಕಿ. ಮೊದಲ ಸಲ ಒಂದು ಸಂಜೆ ಪೂರ್ತಿ ಹೋಗಬಹುದು. ಹೋಗಲಿ ಬಿಡಿ. ಇನ್ನೊಬ್ಬರು ಮಾಡಿಟ್ಟದ್ದನ್ನು ಎಳೆದಾಡುವುದಕ್ಕಿಂತ ನೀವೇ ಕಟ್ಟಿದ ಸೊಟ್ಟ ಮೊಣಕೈ ಜಾಸ್ತಿ ಕಲಿಸುತ್ತದೆ.

ಆದರೆ ಒಂದು ಷರತ್ತು. ಸ್ಲೈಡರ್ ಮುಟ್ಟುವ ಮುಂಚೆ ಏನಾಗುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪೆನ್ನಿನಲ್ಲಿ, ಅಳಿಸುವ ಹಾಗಿಲ್ಲ. ಉದಾಹರಣೆಗೆ, ನಿಂತುಕೊಂಡು ಕೈ ಮಡಚುವಾಗ ಯಾವ ಕೋನದಲ್ಲಿ ಪೊಟ್ಟಣದ ಟಾರ್ಕ್ ಅತಿ ಜಾಸ್ತಿ? ಸರಿ, ಈಗ ಅಂಗಾತ ಮಲಗಿ ಮೇಲ್ತೋಳನ್ನು ಹಾಸಿಗೆಗೆ ಒರಗಿಸಿ ಅದನ್ನೇ ಮಾಡಿದರೆ ಯಾವ ಕೋನದಲ್ಲಿ? ಉತ್ತರ ನಾನು ಹೇಳುವುದಿಲ್ಲ. ಮೊದಲನೆಯದರ ಉತ್ತರವನ್ನೇ ಎರಡನೆಯದಕ್ಕೂ ಬರೆದಿದ್ದರೆ ಇನ್ನೊಂದು ಸಲ ಯೋಚಿಸಿ, ಅಷ್ಟೇ.

ಇಷ್ಟು ಹಟ ಯಾಕೆ ಅಂದರೆ ಪೆಟ್ಟು ತಿಂದು ಕಲಿತದ್ದು. ಮೊದಲು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಎರಡು ವರ್ಷ ನಾನು ಬಣ್ಣಬಣ್ಣದ ಅನಿಮೇಶನ್ ತೋರಿಸಿಯೇ ಕ್ಲಾಸ್ ಮುಗಿಸುತ್ತಿದ್ದೆ. 'ಸೂಪರ್ ಮೇಡಂ' ಅಂದರು ಎಲ್ಲರೂ. ಉತ್ತರ ಪತ್ರಿಕೆ ತೆರೆದರೆ ಹಳೆಯ ತಪ್ಪುಗಳು ಹಾಗೇ ಕೂತಿದ್ದವು, ಒಂದೂ ಅಲ್ಲಾಡಿರಲಿಲ್ಲ. ಅನಿಮೇಶನ್ ನೋಡುವಾಗ ನಮ್ಮ ತಪ್ಪು ಕಲ್ಪನೆ ಹೊರಗೆ ಬರುವುದೇ ಇಲ್ಲ. ಹಾಗಾಗಿ ಅದು ಒಡೆಯುವುದೂ ಇಲ್ಲ. ನಿಮಗೆ ಪುಸ್ತಕ ತೆರೆದಾಗ ಖಾಲಿ ಅನಿಸುವುದು ಅದಕ್ಕೇ.

ಪ್ರಶ್ನೆ: ನಾನು ಒಂದು ಸಣ್ಣ ಫಿಸಿಯೋಥೆರಪಿ ಕಾಲೇಜಿನಲ್ಲಿ ಹೊಸದಾಗಿ ಸೇರಿದ ಉಪನ್ಯಾಸಕ. ಬಯೋಮೆಕ್ಯಾನಿಕ್ಸ್ ಲ್ಯಾಬ್ ಅಂತ ಒಂದು ಕೋಣೆ ಇದೆ, ಒಳಗೆ ಒಂದು ಅಸ್ಥಿಪಂಜರ, ಎರಡು ಚಾರ್ಟ್. ಮ್ಯಾನೇಜ್‌ಮೆಂಟ್‌ನವರು ಸ್ವಲ್ಪ ಹಣ ಕೊಡುತ್ತಾರಂತೆ. 3ಡಿ ಅನಾಟಮಿ ಸಾಫ್ಟ್‌ವೇರ್ ತಗೊಳ್ಳೋಣ ಅಂತ ಕೆಲವರು, ಮೋಶನ್ ಕ್ಯಾಪ್ಚರ್ (ಚಲನೆ ಸೆರೆಹಿಡಿದು ಅಳೆಯುವ) ಕ್ಯಾಮೆರಾ ಅಂತ ಕೆಲವರು. ನಿಮ್ಮ ಅಭಿಪ್ರಾಯ? (ಉಪನ್ಯಾಸಕ, ಕಲಬುರಗಿ ಕಡೆಯಿಂದ)

ಉತ್ತರ: ಸರ್, 3ಡಿ ಅನಾಟಮಿ ಒಳ್ಳೆಯದೇ, ಆದರೆ ಅದು ಅನಾಟಮಿ. ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಅಂತ ತೋರಿಸುತ್ತದೆ. ಎಷ್ಟು ಬಲ, ಯಾವ ದಿಕ್ಕಿಗೆ, ಯಾಕೆ ಅಂತ ಸಾಮಾನ್ಯವಾಗಿ ಹೇಳುವುದಿಲ್ಲ. ಮೋಶನ್ ಕ್ಯಾಪ್ಚರ್ ಕೊಂಡರೆ ಅದನ್ನು ನಡೆಸಲು ಒಬ್ಬ ಆಳು ಬೇಕು. ಆ ಆಳು ಕೆಲಸ ಬಿಟ್ಟ ದಿನ ಕೋಣೆಗೆ ಬೀಗ ಬೀಳುತ್ತದೆ. ಇಂಥ ಬೀಗಗಳನ್ನು ನಾನು ನೋಡಿದ್ದೇನೆ.

ನನ್ನ ಪಟ್ಟಿ ಬಡವರ ಪಟ್ಟಿ. ಮುಳ್ಳಿನ ತೂಕದ ಯಂತ್ರ ಎರಡು (ಡಿಜಿಟಲ್ ಬೇಡ, ಅದು ಒಂದು ಸಂಖ್ಯೆಗೆ ನಿಂತುಬಿಡುತ್ತದೆ, ಮುಳ್ಳು ಓಡುವುದನ್ನು ಕಣ್ಣಾರೆ ನೋಡಬೇಕು), 2 ಮೀಟರ್ ಉದ್ದದ ಗಟ್ಟಿ ಹಲಗೆ ಒಂದು, ಮೊಬೈಲ್ ನಿಲ್ಲಿಸುವ ಸ್ಟ್ಯಾಂಡ್ ಎರಡು, ವಿಂಡೋಸ್ ಇರುವ ಹಳೆಯ ಕಂಪ್ಯೂಟರ್ ಒಂದು. ಕಂಪ್ಯೂಟರಿಗೆ ಕಿನೋವಿಯಾ ಹಾಕಿ. ವಿಡಿಯೋವನ್ನು ಒಂದೊಂದು ಫ್ರೇಮ್ ನಿಲ್ಲಿಸಿ ಕೋನ, ದೂರ, ಸಮಯ ಅಳೆಯುವ ಉಚಿತ ಸಾಫ್ಟ್‌ವೇರ್ ಅದು. ಮೊಬೈಲ್‌ಗಳಿಗೆ ಫೈಫಾಕ್ಸ್ ಹಾಕಿಸಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಮೊಬೈಲ್ ಒಳಗಿರುವ ಸೆನ್ಸರ್‌ಗಳನ್ನೇ ಅಳತೆಯ ಯಂತ್ರ ಮಾಡಿಬಿಡುತ್ತದೆ. ಮೊಣಕಾಲಿನ ಕೆಳಗೆ ಮೊಬೈಲ್ ಕಟ್ಟಿದರೆ ಕಾಲು ಎಷ್ಟು ವಾಲಿತು ಅಂತ ಕೂಡಲೇ ತೋರಿಸುತ್ತದೆ.

ಇಷ್ಟರಲ್ಲಿ ಏನೇನು ಮಾಡಬಹುದು ನೋಡಿ. ಹಲಗೆಯ ಒಂದು ತುದಿಯನ್ನು ತೂಕದ ಯಂತ್ರದ ಮೇಲೆ, ಇನ್ನೊಂದನ್ನು ಅಷ್ಟೇ ಎತ್ತರದ ಇಟ್ಟಿಗೆಯ ಮೇಲೆ ಇಡಿ. 50 ಕೆಜಿಯ ಹುಡುಗಿ ಇಟ್ಟಿಗೆಯ ನೇರಕ್ಕೆ ಪಾದ ಬರುವಂತೆ ಮಲಗಲಿ. ಹಲಗೆಯ ತೂಕ ಕಳೆದ ಮೇಲೆ ಮುಳ್ಳು 22 ತೋರಿಸಿತು ಅನ್ನಿ. 22 ಗುಣಿಸು 2 ಮೀಟರ್, ಭಾಗಿಸು 50. ಪಾದದಿಂದ 88 ಸೆಂ.ಮೀ. ಮೇಲೆ ಅವಳ ಗುರುತ್ವ ಕೇಂದ್ರ. ಈಗ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಚಾಚು ಅನ್ನಿ, ಆದರೆ ಅದಕ್ಕೆ ಮುಂಚೆ ಇಡೀ ಕ್ಲಾಸಿಗೆ ಮುಳ್ಳು ಯಾವ ಕಡೆ ಹೋಗುತ್ತದೆ ಅಂತ ಬರೆಯಲು ಹೇಳಿ. ಇಟಲಿಯ ಬೊರೆಲ್ಲಿ 17ನೇ ಶತಮಾನದಲ್ಲೇ ಮನುಷ್ಯನನ್ನು ಹಲಗೆಯ ಮೇಲೆ ಮಲಗಿಸಿ ಸಮತೋಲ ಹುಡುಕಿದ್ದ, ನಮಗೆ ಮಾತ್ರ ಲಕ್ಷಗಟ್ಟಲೆ ಬೇಕಂತೆ.

ಇನ್ನೊಂದು, ಜಿಗಿತ. ಈಗಿನ ಎಷ್ಟೋ ಮೊಬೈಲ್‌ಗಳಲ್ಲಿ ಸ್ಲೋ ಮೋಶನ್ ಸೆಕೆಂಡಿಗೆ 240 ಫ್ರೇಮ್ ಹಿಡಿಯುತ್ತದೆ. ಕಾಲು ನೆಲ ಬಿಟ್ಟ ಫ್ರೇಮಿನಿಂದ ಮುಟ್ಟಿದ ಫ್ರೇಮಿನವರೆಗೆ ಎಣಿಸಿ. 120 ಬಂದರೆ ಅರ್ಧ ಸೆಕೆಂಡು. ಗುರುತ್ವ ವೇಗೋತ್ಕರ್ಷವನ್ನು (9.8) ಸಮಯದ ವರ್ಗದಿಂದ ಗುಣಿಸಿ 8ರಿಂದ ಭಾಗಿಸಿದರೆ ಎತ್ತರ, ಸುಮಾರು 31 ಸೆಂ.ಮೀ. ಮೊಣಕಾಲು ಮಡಚಿಕೊಂಡು ಇಳಿದು ಮೋಸ ಮಾಡುವ ಹುಡುಗರು ಇದ್ದೇ ಇರುತ್ತಾರೆ. ಆ ಮೋಸ ಸಂಖ್ಯೆಯನ್ನು ಯಾಕೆ ಹಿಗ್ಗಿಸಿತು ಅನ್ನುವುದೇ ಆ ದಿನದ ಪಾಠ.

ಮತ್ತೆ ದಯವಿಟ್ಟು ನಮ್ಮ ಊರಿನ ಚಲನೆಗಳನ್ನು ಲ್ಯಾಬ್‌ಗೆ ತನ್ನಿ. ಸಿದ್ಧವಾಗಿ ಸಿಗುವ ಸಿಮ್ಯುಲೇಶನ್ ತೆರೆದರೆ ನಡಿಗೆ, ಓಟ, ಕುರ್ಚಿಯಿಂದ ಏಳುವುದು, ಅಷ್ಟರಲ್ಲೇ ಸುತ್ತುತ್ತಿರುತ್ತದೆ. ನಮ್ಮ ರೋಗಿ ಕೇಳುವ ಮೊದಲ ಪ್ರಶ್ನೆ 'ನೆಲದ ಮೇಲೆ ಕೂರಬಹುದಾ?' ಅಂತ. ಚಕ್ಕಳಮಕ್ಕಳ ಹಾಕಿ ಏಳುವುದು, ಕುಕ್ಕರಗಾಲಲ್ಲಿ ಕೂರುವುದು, ಬಗ್ಗಿ ರಂಗೋಲಿ ಹಾಕುವುದು, ಸೊಂಟದ ಮೇಲೆ ಕೊಡ ಹೊರುವುದು, ಇವನ್ನೆಲ್ಲ ಮಕ್ಕಳೇ ವಿಡಿಯೋ ಮಾಡಲಿ. ಎಡ ಸೊಂಟದ ಮೇಲೆ ತುಂಬಿದ ಕೊಡ ಇದ್ದಾಗ ಮೈ ಯಾಕೆ ಬಲಕ್ಕೆ ವಾಲುತ್ತದೆ, ಬಲಗಾಲ ಮೇಲೆ ನಿಂತ ಕ್ಷಣದಲ್ಲಿ ಬಲ ಸೊಂಟದ ಸ್ನಾಯುಗಳಿಗೆ ಕೆಲಸ ಹೆಚ್ಚೋ ಕಡಿಮೆಯೋ, ಇದನ್ನು ಹಳ್ಳಿಯಿಂದ ಬಂದ ಹುಡುಗಿ ಸಿಟಿಯ ಹುಡುಗನಿಗೆ ಹೇಳಿಕೊಡುತ್ತಾಳೆ ನೋಡಿ!

ಮ್ಯಾನೇಜ್‌ಮೆಂಟ್‌ನವರಿಗೆ ಕಾಗದದ ಮೇಲೆ ಏನಾದರೂ ತೋರಿಸಬೇಕಾದರೆ ಇದನ್ನು ತೋರಿಸಿ. 2014ರಲ್ಲಿ ಅಮೆರಿಕದಲ್ಲಿ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಪಾಠಗಳ 225 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಬರೀ ಉಪನ್ಯಾಸ ಕೇಳುವ ಕ್ಲಾಸಿನಲ್ಲಿ ಫೇಲಾಗುವ ಸಾಧ್ಯತೆ, ಮಕ್ಕಳೇ ಕೈಹಾಕಿ ಮಾಡುವ ಕ್ಲಾಸಿಗಿಂತ ಒಂದೂವರೆ ಪಟ್ಟು. ಅದರಲ್ಲಿ ದುಬಾರಿ ಯಂತ್ರ ಬೇಕು ಅಂತ ಎಲ್ಲೂ ಇಲ್ಲ. ಹಣ ಉಳಿದರೆ ಲ್ಯಾಬ್‌ಗೆ ಒಂದು ಫ್ಯಾನ್ ಹಾಕಿಸಿ, ನಿಮ್ಮ ಕಡೆಯ ಬಿಸಿಲಿಗೆ ಅದೇ ಮೊದಲ ಸಾಧನ.

ಪ್ರಶ್ನೆ: ಕಿನೋವಿಯಾದಲ್ಲಿ ಗೆಳತಿಯ ನಡಿಗೆ ಅಳೆದೆವು. ಒಂದೇ ಹುಡುಗಿ, ಒಂದೇ ಮೊಣಕಾಲು, ನಾವು ಮೂವರು. ಒಬ್ಬಳಿಗೆ 52 ಡಿಗ್ರಿ, ಒಬ್ಬಳಿಗೆ 60, ನನಗೆ 67. ಸಾಫ್ಟ್‌ವೇರ್ ಸರಿ ಇಲ್ಲವಾ? (ಮೂವರು ಗೆಳತಿಯರು, ಮಂಗಳೂರು)

ಉತ್ತರ: ಸಾಫ್ಟ್‌ವೇರ್ ಪಾಪ, ನೀವು ಹೇಳಿದಲ್ಲಿ ಗೆರೆ ಎಳೆಯುತ್ತದೆ. ನಡೆಯುವಾಗ ಕಾಲು ಗಾಳಿಯಲ್ಲಿರುವ ಹೊತ್ತಿನಲ್ಲಿ ಮೊಣಕಾಲು ಸುಮಾರು 60 ಡಿಗ್ರಿಯವರೆಗೆ ಮಡಚುತ್ತದೆ ಅಂತ ಪುಸ್ತಕ ಹೇಳುತ್ತದೆ, ಹಾಗಾಗಿ ಮೂವರೂ ತೀರಾ ದಾರಿ ತಪ್ಪಿಲ್ಲ. ಆದರೆ 15 ಡಿಗ್ರಿ ವ್ಯತ್ಯಾಸ ಜಾಸ್ತಿಯೇ.

ನೀವು ಮೂವರೂ ಒಂದೇ ಫ್ರೇಮ್ ನಿಲ್ಲಿಸಿದ್ದಿರಾ? ಸಾಮಾನ್ಯ ವಿಡಿಯೋ ಸೆಕೆಂಡಿಗೆ 30 ಫ್ರೇಮ್. ಒಂದು ಹೆಜ್ಜೆ ಚಕ್ರಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡು. ಮೊಣಕಾಲು 60 ಡಿಗ್ರಿಯಿಂದ ನೆಟ್ಟಗಾಗಲು ತಗೊಳ್ಳುವುದು ಅದರ ಕಾಲು ಭಾಗ, ಅಂದರೆ ಏಳೆಂಟು ಫ್ರೇಮ್. ಒಂದು ಫ್ರೇಮ್ ಆಚೀಚೆ ಆದರೆ 8 ಡಿಗ್ರಿ ಕೈ ಬಿಟ್ಟ ಹಾಗೆ. ಸ್ಲೋ ಮೋಶನ್‌ನಲ್ಲಿ ತೆಗೆದರೆ ಈ ತೊಂದರೆ ಬಹಳ ಮಟ್ಟಿಗೆ ಹೋಗುತ್ತದೆ. ಆಮೇಲೆ ಕ್ಯಾಮೆರಾ. ಅದು ನಡಿಗೆಯ ದಾರಿಗೆ ಸರಿಯಾಗಿ ಅಡ್ಡಕ್ಕೆ, ಮೊಣಕಾಲಿನ ಎತ್ತರದಲ್ಲಿ, ಮೂರ್ನಾಲ್ಕು ಮೀಟರ್ ದೂರದಲ್ಲಿ ಅಲ್ಲಾಡದೆ ನಿಂತಿರಬೇಕು. ಗೆಳತಿಯ ಹಿಂದೆ ಮೊಬೈಲ್ ಹಿಡಿದು ಓಡಿದ್ದರೆ ಆ ವಿಡಿಯೋ ಸ್ಟೇಟಸ್‌ಗೆ ಹಾಕಿಕೊಳ್ಳಿ, ಅಳೆಯಬೇಡಿ. ಚಿತ್ರದ ಮಧ್ಯಕ್ಕೆ ಬಂದ ಹೆಜ್ಜೆಯನ್ನು ಮಾತ್ರ ತಗೊಳ್ಳಿ, ಅಂಚಿನಲ್ಲಿ ಕೋನ ಸೊಟ್ಟಾಗುತ್ತದೆ. ಮತ್ತು ಗುರುತು. ತೊಡೆಯ ಹೊರಗೆ ಕೈಗೆ ಸಿಗುವ ಮೂಳೆಯ ಗುಬುಟು, ಮೊಣಕಾಲಿನ ಹೊರ ಬದಿ, ಹೊರ ಹರಡು, ಮೂರು ಕಡೆ ದೊಡ್ಡ ಬಿಂದಿ ಅಂಟಿಸಿ. ಬಿಂದಿ ಇಲ್ಲದೆ ಕಣ್ಣಂದಾಜಿನಲ್ಲಿ ಕ್ಲಿಕ್ ಮಾಡಿದರೆ ಮೂವರಿಗೆ ಮೂರು ಮೊಣಕಾಲು ಕಾಣುವುದು ಸಹಜ.

ಇಷ್ಟೆಲ್ಲ ಮಾಡಿ ಮತ್ತೆ ಅಳೆಯಿರಿ. 5 ಡಿಗ್ರಿ ಒಳಗೆ ಬಂದರೆ ಸಾಕು, ಕೈಯಲ್ಲಿ ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಸಾಧನ) ಹಿಡಿದು ಅಳೆದರೂ ಅಷ್ಟು ಆಚೀಚೆ ಆಗುತ್ತದೆ. ನಿಜ ಹೇಳಬೇಕೆಂದರೆ ನಿಮ್ಮ ಮೂರು ಬೇರೆ ಬೇರೆ ಸಂಖ್ಯೆಗಳು ನನಗೆ ಖುಷಿ ಕೊಟ್ಟವು. ಒಬ್ಬರೇ ಅಳೆದಿದ್ದರೆ 67 ಅಂತ ರೆಕಾರ್ಡ್ ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಿಕೊಂಡು ಹೋಗಿಬಿಡುತ್ತಿದ್ದಿರಿ, ಅಲ್ವಾ?

ಪ್ರಶ್ನೆ: ನಾನು ಫಿಸಿಯೋ ಅಲ್ಲ, ಗೃಹಿಣಿ. ಮಗಳು ಬಿಪಿಟಿ ಓದುತ್ತಾಳೆ. ರಜಕ್ಕೆ ಬಂದರೆ ನನ್ನ ಮಂಡಿಗೆ ಬಿಂದಿ ಅಂಟಿಸಿ ಅಂಗಳದಲ್ಲಿ ನಡೆಸುತ್ತಾಳೆ. ಸೀರೆ ಬೇಡ, ಚೂಡಿದಾರ್ ಹಾಕು ಅಂತಾಳೆ. ಅಕ್ಕಪಕ್ಕದವರು ನಗುತ್ತಾರೆ. ಅದಿರಲಿ, ನಮ್ಮ ಯಜಮಾನರಿಗೆ ಬಲ ಸೊಂಟದ ಕೀಲು ನೋವು. ಊರುಗೋಲು ಎಡಗೈಯಲ್ಲಿ ಹಿಡಿಯಬೇಕು ಅಂತ ಮಗಳ ಹಟ. ನೋವಿರುವುದು ಬಲಗಡೆ, ಕೋಲು ಎಡಗಡೆಯಾ ಅಂತ ಅವರು ಕೇಳುವುದಿಲ್ಲ. ಯಾರು ಸರಿ? (ಓದುಗರು, ಶಿರಸಿ)

ಉತ್ತರ: ಅಮ್ಮ, ಮಗಳು ಸರಿ. ಯಜಮಾನರಿಗೆ ಈ ಲೆಕ್ಕ ಓದಿ ಹೇಳಿ.

ಅವರ ತೂಕ 60 ಕೆಜಿ ಅಂದುಕೊಳ್ಳೋಣ. ಬಲಗಾಲ ಮೇಲೆ ಮಾತ್ರ ನಿಂತಾಗ ಆ ಕಾಲಿನ ತೂಕ ಬಿಟ್ಟು ಉಳಿದ ಸುಮಾರು 50 ಕೆಜಿ ಭಾರ ಬಲಗಡೆಯ ಸೊಂಟದ ಕೀಲಿನ ಮೇಲೆ ಕೂರುತ್ತದೆ. ಆದರೆ ನೇರವಾಗಿ ಅಲ್ಲ, ಕೀಲಿನಿಂದ ಸುಮಾರು 10 ಸೆಂ.ಮೀ. ಒಳಗೆ, ಮೈಯ ನಡುವಿನ ಕಡೆಗೆ. ಹಾಗಾಗಿ ಸೊಂಟ ಎಡಕ್ಕೆ ಬೀಳಲು ನೋಡುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಬಲ ಸೊಂಟದ ಹೊರಗಿನ ಸ್ನಾಯು. ಅದು ಕೀಲಿನಿಂದ 5 ಸೆಂ.ಮೀ. ದೂರದಲ್ಲಷ್ಟೇ ಇದೆ. ಅರ್ಧ ದೂರ, ಆದ್ದರಿಂದ ಎರಡು ಪಟ್ಟು ಎಳೆಯಬೇಕು, 100 ಕೆಜಿ. ಮೇಲಿನ 50, ಸ್ನಾಯು ಎಳೆದ 100, ಕೀಲಿನ ಮೇಲೆ ಒಟ್ಟು 150! ಈಗ ಎಡಗೈಯಲ್ಲಿ ಕೋಲು. ಅದು ಬಲ ಕೀಲಿನಿಂದ ಸುಮಾರು 45 ಸೆಂ.ಮೀ. ದೂರ. ಬರೀ 5 ಕೆಜಿಯಷ್ಟು ಒತ್ತಿದರೂ ದೂರದಿಂದ ಒತ್ತುವ ಕಾರಣ ಸ್ನಾಯುವಿನ ಕೆಲಸ 100ರಿಂದ 55ಕ್ಕೆ ಇಳಿಯುತ್ತದೆ. ಕೀಲಿನ ಮೇಲಿನ ಒಟ್ಟು ಭಾರ 100ಕ್ಕೆ ಬರುತ್ತದೆ. 5 ಕೆಜಿ ಕೊಟ್ಟು 50 ಕೆಜಿ ಉಳಿಸಿದ ಹಾಗೆ. ಯಾವ ಬ್ಯಾಂಕ್ ಕೊಡುತ್ತದೆ ಹೇಳಿ ಇಂಥ ಬಡ್ಡಿ. ಬಲಗೈಯಲ್ಲೇ ಹಿಡಿದರೆ ಈ ದೂರದ ಲಾಭ ಸಿಗುವುದಿಲ್ಲ. ಬಲಗಾಲು ಮುಂದಿಡುವಾಗಲೇ ಎಡಗೈಯ ಕೋಲೂ ಮುಂದೆ ಹೋಗಬೇಕು. ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಎತ್ತರಕ್ಕೆ ಬರಲಿ.

ಲೆಕ್ಕ ನಂಬದಿದ್ದರೆ ಮಗಳಿಗೆ ಆರ್ಥೋಲೋಡ್ ಅನ್ನುವ ತಾಣ ತೆರೆದು ತೋರಿಸಲು ಹೇಳಿ. ಬರ್ಲಿನ್‌ನ ವೈದ್ಯರು, ಎಂಜಿನಿಯರುಗಳು ಸೇರಿ ಕೃತಕ ಸೊಂಟದ ಕೀಲಿನ ಒಳಗೇ ಬಲ ಅಳೆಯುವ ಸಾಧನ ಇಟ್ಟು, ಅದನ್ನು ಹಾಕಿಸಿಕೊಂಡವರು ನಡೆಯುವಾಗ, ಮೆಟ್ಟಿಲು ಹತ್ತುವಾಗ ಕೀಲಿನ ಮೇಲೆ ಎಷ್ಟು ಬಲ ಬಿತ್ತು ಅಂತ ವಿಡಿಯೋ ಜೊತೆಗೇ ತೋರಿಸುತ್ತಾರೆ. 2001ರಲ್ಲಿ ಅವರು ಪ್ರಕಟಿಸಿದ ಅಳತೆಯಲ್ಲಿ ಗಂಟೆಗೆ ಸುಮಾರು 4 ಕಿ.ಮೀ. ನಡಿಗೆಗೆ ದೇಹದ ತೂಕದ ಶೇ. 238, ಮೆಟ್ಟಿಲು ಹತ್ತಲು ಶೇ. 251, ಇಳಿಯಲು ಶೇ. 260. ನಮ್ಮ ಕೈಲೆಕ್ಕದ 150 ಕೆಜಿ ಅಂದರೆ ಶೇ. 250. ಹಲಗೆ, ಅಡಕತ್ತರಿಯ ಲೆಕ್ಕ ಇಷ್ಟು ಹತ್ತಿರ ಬರುತ್ತದೆ ಅಂತ ಮೊದಲ ಸಲ ನೋಡಿದಾಗ ನಾನೂ ಬೆರಗಾಗಿದ್ದೆ.

ಸೀರೆಯ ವಿಷಯ. ಮಗಳು ಕೇಳುವುದಕ್ಕೆ ಕಾರಣ ಇದೆ, ನೆರಿಗೆಯ ಒಳಗೆ ಮೊಣಕಾಲು ಕ್ಯಾಮೆರಾಗೆ ಕಾಣುವುದಿಲ್ಲ. ಆದರೆ ನಿಮ್ಮ ನಿಜವಾದ ನಡಿಗೆ ಸೀರೆಯದ್ದೇ ಆಗಿದ್ದರೆ ಒಂದು ಸಲ ಸೀರೆಯಲ್ಲೂ ನಡೆಸಿ ಹೆಜ್ಜೆಯ ಉದ್ದ ಎಷ್ಟು ಕಡಿಮೆಯಾಯಿತು ಅಂತ ಅಳೆಯಲಿ. ಅವಳಿಗೇ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ.

ಪ್ರಶ್ನೆ: ಎಂಪಿಟಿ (ಫಿಸಿಯೋಥೆರಪಿ ಸ್ನಾತಕೋತ್ತರ) ಮೊದಲ ವರ್ಷ. ಓಪನ್‌ಸಿಮ್ ಕಲಿಯಲೇಬೇಕು ಅಂತ ಸೀನಿಯರ್ ಹೇಳುತ್ತಾರೆ. ತೆರೆದು ನೋಡಿ ಹೆದರಿ ಮುಚ್ಚಿದೆ. (ಬೆಂಗಳೂರು)

ಉತ್ತರ: ಹೆದರುವಂಥದ್ದೇ. ಸ್ಟ್ಯಾನ್‌ಫರ್ಡ್‌ನವರು 2007ರಲ್ಲಿ ಹೊರತಂದ, ಮೂಳೆ, ಸ್ನಾಯುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಉಚಿತ ಸಾಫ್ಟ್‌ವೇರ್, ಮಾಡಿದ್ದು ಸಂಶೋಧನೆಗೆ. ಅದರ ಜೊತೆ ಬರುವ ಒಂದು ಹೆಸರಾಂತ ನಡಿಗೆ ಮಾದರಿಯಲ್ಲೇ ಸ್ನಾಯುಗಳನ್ನು ತೋರಿಸುವ 92 ಎಳೆಗಳಿವೆ. ಪೂರ್ತಿ ಸಿಮ್ಯುಲೇಶನ್ ಓಡಿಸಲು ಈಗಲೇ ಹೋಗಬೇಡಿ. ಆ ಮಾದರಿ ತೆರೆಯಿರಿ, ಸೊಂಟದ ಕೋನದ ಸ್ಲೈಡರ್ ಎಳೆಯಿರಿ, ಪ್ಲಾಟ್ ಅನ್ನುವ ಕಡೆ ಹೋಗಿ ಪೃಷ್ಠದ ಒಳಗಿನ ಸ್ನಾಯು ಪಿರಿಫಾರ್ಮಿಸ್‌ನ ಮೊಮೆಂಟ್ ಆರ್ಮ್ ಬಿಡಿಸಿ. ಸೊಂಟ ನೆಟ್ಟಗಿದ್ದಾಗ ತೊಡೆಯನ್ನು ಹೊರಕ್ಕೆ ತಿರುಗಿಸುವ ಈ ಸ್ನಾಯು, ಸೊಂಟ 90 ಡಿಗ್ರಿ ಮಡಚಿದಾಗ ಒಳಕ್ಕೆ ತಿರುಗಿಸುವ ಕಡೆ ಹೊರಳುತ್ತದೆ. ಅನಾಟಮಿಯಲ್ಲಿ ಬಾಯಿಪಾಠ ಮಾಡಿದ 'ಆ್ಯಕ್ಷನ್' ಅನ್ನುವ ಕಾಲಂ ಕೋನ ಬದಲಾದರೆ ಸುಳ್ಳಾಗಬಹುದು ಅಂತ ಆ ಒಂದು ಗೆರೆ ಶೂನ್ಯ ದಾಟುವಾಗ ಕಣ್ಣಿಗೆ ಕಾಣುತ್ತದೆ. ಪಿರಿಫಾರ್ಮಿಸ್ ಸ್ಟ್ರೆಚ್ ಕೊಡುವಾಗ ತೊಡೆಯನ್ನು ಯಾವ ಕಡೆ ತಿರುಗಿಸಬೇಕು ಅನ್ನುವ ಜಗಳ ನಿಮ್ಮ ಡಿಪಾರ್ಟ್‌ಮೆಂಟಿನಲ್ಲೂ ಇದ್ದರೆ ಈ ಗೆರೆ ತೋರಿಸಿ. ಮೊದಲ ತಿಂಗಳಿಗೆ ಇಷ್ಟು ಸಾಕು.

ಇದೇ ಸ್ಟ್ಯಾನ್‌ಫರ್ಡ್‌ನ ಓಪನ್‌ಕ್ಯಾಪ್ ಅಂತ ಇನ್ನೊಂದಿದೆ. ಎರಡು ಐಫೋನ್ ನಿಲ್ಲಿಸಿ ನಡಿಗೆ ತೆಗೆದರೆ 3ಡಿ ಕೋನಗಳನ್ನು ಕೊಡುತ್ತದೆ. ಹಾಸ್ಟೆಲಿನಲ್ಲಿ ಎರಡು ಐಫೋನ್ ಸಿಗುವುದು ಈಗ ಕಷ್ಟ ಅಲ್ಲ ಅಂತ ಕೇಳಿದ್ದೇನೆ.

ಪ್ರಶ್ನೆ: ಎಐ ಆ್ಯಪ್ ಒಂದು ಕ್ಯಾಮೆರಾ ತೋರಿಸಿದರೆ ಸಾಕು, ಕೀಲುಗಳ ಕೋನ ತಾನೇ ಹೇಳುತ್ತದೆ. 'ನಿಮ್ಮ ಭಂಗಿ ತಪ್ಪು, ಡಿಸ್ಕ್‌ಗೆ ಅಪಾಯ' ಅಂತಲೂ ಹೇಳುತ್ತದೆ. ನಂಬಬಹುದಾ? (ಇಂಟರ್ನ್, ಹುಬ್ಬಳ್ಳಿ)

ಉತ್ತರ: ಕೋನದ ಮಾತು ಬೇರೆ, ಅಪಾಯದ ಮಾತು ಬೇರೆ.

ಇಂಥ ಎಷ್ಟೋ ಆ್ಯಪ್‌ಗಳ ಒಳಗೆ ಗೂಗಲ್‌ನ ಮೀಡಿಯಾಪೈಪ್‌ನಂಥ ಒಂದು ಇಂಜಿನ್ ಇರುತ್ತದೆ. ಅದು ಚಿತ್ರ ನೋಡಿ ಮೈಮೇಲೆ 33 ಚುಕ್ಕೆ ಇಡುತ್ತದೆ. ಸೊಂಟದ ಕೀಲು ಅದಕ್ಕೆ ಕಾಣುವುದಿಲ್ಲ, ಊಹಿಸುತ್ತದೆ. ಲುಂಗಿ ಉಟ್ಟವರಲ್ಲಿ ಮೊಣಕಾಲೂ ಊಹೆಯೇ. ಮುಂದಿನಿಂದ ನೋಡುವಾಗ ತೊಡೆ ಒಳಕ್ಕೆ ತಿರುಗಿದರೆ ಸಾಕು, ಮೊಣಕಾಲು ಒಳಕ್ಕೆ ಬಾಗಿದೆ ಅಂತ ತೋರಿಸಬಹುದು. ಕ್ಲಾಸಿನಲ್ಲಿ ಬಳಸಿ, ಬಹಳ ಖುಷಿಯ ಆಟಿಕೆ, ಆದರೆ ಪಕ್ಕದಲ್ಲಿ ಗೋನಿಯೋಮೀಟರ್ ಇಟ್ಟುಕೊಂಡು ಹತ್ತು ಸಲ ಹೋಲಿಸಿ. ಎಲ್ಲಿ ತಪ್ಪುತ್ತದೆ ಅಂತ ಹುಡುಕುವುದೇ ಅದರಿಂದ ಆಗುವ ಒಳ್ಳೆಯ ಪಾಠ.

ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅದರ ಬಗ್ಗೆ ಹೇಳುವುದಾದರೆ, ಕ್ಯಾಮೆರಾ ಡಿಸ್ಕ್ ಒಳಗಿನ ಒತ್ತಡ ಅಳೆಯಲಾರದು. ಅದನ್ನು ನಿಜವಾಗಿ ಅಳೆದವರು ಬೆರಳೆಣಿಕೆಯಷ್ಟು. 1999ರಲ್ಲಿ ಜರ್ಮನಿಯಲ್ಲಿ ಒಬ್ಬ ಸ್ವಯಂಸೇವಕನ ಕೆಳಬೆನ್ನಿನ ಡಿಸ್ಕ್‌ಗೆ ಸೆನ್ಸರ್ ಇಟ್ಟು ನೋಡಿದರು. ಮಲಗಿದ್ದಾಗ 0.1 ಮೆಗಾಪ್ಯಾಸ್ಕಲ್, ನಿಂತಾಗ 0.5, ಬೆನ್ನು ಬಗ್ಗಿಸಿ 20 ಕೆಜಿ ಎತ್ತಿದಾಗ 2.3, ಮೊಣಕಾಲು ಮಡಚಿ ಎತ್ತಿದಾಗ 1.7. ಆರಾಮಾಗಿ ಕೂತಾಗ ನಿಂತಾಗಿನಷ್ಟೇ, ಜಾಸ್ತಿ ಏನಿಲ್ಲ. 1960ರ ದಶಕದ ಹಳೆಯ ಅಳತೆಗಳು ಕೂತರೆ ಜಾಸ್ತಿ ಅಂದಿದ್ದವು, ನಾವೆಲ್ಲ ಅದನ್ನೇ ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದೆವು. 1999ರದ್ದು ಒಬ್ಬನೇ ಮನುಷ್ಯನ ಅಳತೆ ಅನ್ನುವುದನ್ನೂ ಮರೆಯಬೇಡಿ. ಯಾವ ಸಂಖ್ಯೆ ಕಂಡರೂ ಮೂರರಲ್ಲಿ ಯಾವುದು ಅಂತ ಕೇಳಿ: ಅಳೆದದ್ದಾ, ಲೆಕ್ಕ ಹಾಕಿದ್ದಾ, ಊಹಿಸಿದ್ದಾ. ನಿಮ್ಮ ಆ್ಯಪ್‌ನ 'ಅಪಾಯ' ಮೂರನೆಯದು. ಅದನ್ನು ರೋಗಿಗೆ ಹೇಳಿ ಹೆದರಿಸಬೇಡಿ.

ಪ್ರಶ್ನೆ: ನಮ್ಮಲ್ಲಿ ವಿಆರ್ (ವರ್ಚುವಲ್ ರಿಯಾಲಿಟಿ) ಕನ್ನಡಕ ಬಂದಿದೆ. ಹಾಕಿದರೆ ತಲೆ ಸುತ್ತುತ್ತದೆ. (ವಿದ್ಯಾರ್ಥಿ, ತುಮಕೂರು)

ಉತ್ತರ: ತೆಗೆದಿಡಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ.

ಪ್ರಶ್ನೆ: ಪೋಸ್ಟಿಂಗ್‌ನಲ್ಲಿ ಪಾರ್ಶ್ವವಾಯು ಆದ ಒಬ್ಬರ ನಡಿಗೆ ವಿಡಿಯೋ ಮಾಡಿ ಕ್ಲಾಸ್ ಗ್ರೂಪಿಗೆ ಹಾಕಿದೆ, ಮುಖ ಮಸುಕು ಮಾಡಿದ್ದೇನೆ. ಪರವಾಗಿಲ್ಲ ಅಲ್ವಾ? (ಹೆಸರು ಬೇಡ)

ಉತ್ತರ: ಇಲ್ಲ, ಅದು ಸರಿಯಲ್ಲ. ಅಳಿಸಿ, ಇವತ್ತೇ. ಮುಖ ಮುಚ್ಚಿದರೂ ಊರಿನವರಿಗೆ ನಡಿಗೆಯಿಂದಲೇ ಗುರುತು ಸಿಗುತ್ತದೆ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಯಾಕೆ, ಯಾರಿಗೆ ತೋರಿಸುತ್ತೀರಿ ಅಂತ ಹೇಳಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕು, ಮತ್ತೆ ವಿಡಿಯೋ ಕಾಲೇಜಿನ ಕಂಪ್ಯೂಟರಿನಲ್ಲಿ ಇರಬೇಕು, ವಾಟ್ಸಾಪ್‌ನಲ್ಲಿ ಅಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗೆ ದೇಶದಲ್ಲಿ ಕಾಯ್ದೆಯೇ ಬಂದಿದೆ. ಕಾಯ್ದೆ ಬಿಡಿ, ಕುಂಟುವವರು ನಿಮ್ಮ ಅಪ್ಪ ಆಗಿದ್ದರೆ ಆ ವಿಡಿಯೋ ಗ್ರೂಪಿಗೆ ಹಾಕುತ್ತಿದ್ದಿರಾ? ಕಲಿಯುವುದಕ್ಕೆ ಬೇಕಿದ್ದರೆ ಒಬ್ಬ ಸಹಪಾಠಿಯ ಮೊಣಕಾಲಿಗೆ ನೀ ಬ್ರೇಸ್ ಕಟ್ಟಿ ಮಡಚದಂತೆ ಮಾಡಿ ನಡೆಸಿ. ಕಾಲನ್ನು ಸುತ್ತು ಹಾಕಿ ತರುವುದು, ಸೊಂಟ ಎತ್ತುವುದು ಎಲ್ಲ ಅಲ್ಲೇ ಕಾಣುತ್ತದೆ.

ಪ್ರಶ್ನೆ: ಇದೆಲ್ಲ ಸರಿ ಮೇಡಂ, ಪರೀಕ್ಷೆಗೆ ಬರುತ್ತಾ? (ಹಿಂದಿನ ಬೆಂಚು, ದಾವಣಗೆರೆ)

ಉತ್ತರ: ಈ ಪ್ರಶ್ನೆಗೇ ಕಾಯುತ್ತಿದ್ದೆ. ಆ್ಯಪ್ ಬರುವುದಿಲ್ಲ. ಪರೀಕ್ಷಾ ಕೊಠಡಿಯಲ್ಲಿ ಸ್ಲೈಡರೂ ಇಲ್ಲ, ಬಿಂದಿಯೂ ಇಲ್ಲ. ಬರುವುದು ಕೀಲಿನ ಚಿತ್ರ, ಬಲದ ಬಾಣಗಳು, ದೂರಗಳು. ಆದ್ದರಿಂದ ಪ್ರತಿ ಸಲ ಸಾಧನ ಮುಚ್ಚಿದ ಮೇಲೆ ಖಾಲಿ ಹಾಳೆಯಲ್ಲಿ ಕೈಯಿಂದ ಆ ಚಿತ್ರ ಬಿಡಿಸಿ. ಊರುಗೋಲಿನ ಲೆಕ್ಕವನ್ನು ಮೇಲೆ ನೋಡದೆ ಒಮ್ಮೆ ಬಿಡಿಸಿ ನೋಡಿ. ಬಾಣಕ್ಕೆ ತಲೆ ಹಾಕುವುದನ್ನು ಮರೆಯಬೇಡಿ, ನಾನು ಅದಕ್ಕೇ ಅರ್ಧ ಅಂಕ ಕತ್ತರಿಸುವವಳು.